ಕುತ್ತಿಗೆ ಒಣಗದ ಈರುಳ್ಳಿ

ಹೋದ ವರ್ಷ ನಮ್ಮ ಮನೆಯ ಮೆಟ್ಟಿಲ ಕೆಳಗಿನಿಂದ ಒಂದು ವಾಸನೆ ಬರೋಕೆ ಶುರುವಾಯಿತು. ಇಲಿ ಸತ್ತಿರಬೇಕು ಅಂದುಕೊಂಡೆವು. ಚಪ್ಪಲಿ ಸ್ಟ್ಯಾಂಡ್ ಎಳೆದು, ಹಳೇ ಪೇಪರ್ ಕಟ್ಟು ಸರಿಸಿ, ಟಾರ್ಚ್ ಹಾಕಿ ನೋಡಿದೆ. ಇಲಿ ಇರಲಿಲ್ಲ. ನಾನೇ ಬೆಳೆದು, ನಾನೇ ಹೆಮ್ಮೆಯಿಂದ ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ಟೇಪ್ ಬೇರೆ ಅಂಟಿಸಿ ಇಟ್ಟಿದ್ದ ಈರುಳ್ಳಿ ಇತ್ತು. ಪೆಟ್ಟಿಗೆ ಎತ್ತಿದೆ. ತಳ ನೆಲಕ್ಕೆ ಅಂಟಿಕೊಂಡು ಅಲ್ಲೇ ಉಳಿಯಿತು, ಮೇಲಿನ ಅರ್ಧ ಮಾತ್ರ ಕೈಗೆ ಬಂತು.

ಕೊಳೆತದ್ದನ್ನು ಬಕೆಟ್‌ಗೆ ಹಾಕುವಾಗ ಒಂದು ವಿಷಯ ಗಮನಕ್ಕೆ ಬಂತು. ಜಾಸ್ತಿ ಗಡ್ಡೆಗಳ ಬುಡ ಗಟ್ಟಿಯಾಗೇ ಇತ್ತು. ಕೊಳೆ ಹಿಡಿದಿದ್ದು ಮೇಲಿನಿಂದ, ಕುತ್ತಿಗೆಯಿಂದ. ಹೆಬ್ಬೆರಳಿಟ್ಟು ಒತ್ತಿದರೆ ಪಿಚಕ್ ಅಂತ ಒಳಗೆ ಹೋಗುತ್ತಿತ್ತು. ಸಿಪ್ಪೆ ಬಿಡಿಸಿದರೆ ಒಳಪದರ ಬೇಯಿಸಿದ ಹಾಗೆ ಕಂದಾಗಿ, ಪದರಗಳ ನಡುವೆ ಬೂದುಬಣ್ಣದ ಬೂಷ್ಟು. ಇದಕ್ಕೆ ಕುತ್ತಿಗೆ ಕೊಳೆ ರೋಗ ಅಂತಲೇ ಹೆಸರಂತೆ, ಬೊಟ್ರೈಟಿಸ್ ಅನ್ನೋ ಶಿಲೀಂಧ್ರದ ಕೆಲಸ. ಪಾತಿಯಲ್ಲಿದ್ದಾಗ ಸಾಮಾನ್ಯವಾಗಿ ಇದರ ಸುಳಿವೇ ಸಿಗೋದಿಲ್ಲ. ಹಸಿ ಕುತ್ತಿಗೆಯ ಮೂಲಕ ಇಳಿದು, ನಾವು ಎಲ್ಲ ಮುಗೀತು ಅಂತ ಎತ್ತಿಟ್ಟು ಮರೆತ ಎಷ್ಟೋ ವಾರದ ಮೇಲೆ ಮುಖ ತೋರಿಸುತ್ತದೆ.

ತಪ್ಪು ನನ್ನದೇ. ಎಲ್ಲೋ ಹೋಗಬೇಕಿತ್ತು, ಅವಸರ. ಸೊಪ್ಪು ಇನ್ನೂ ಅರ್ಧ ಹಸಿರಿದ್ದಾಗಲೇ ಕಿತ್ತೆ. ಎರಡು ದಿನ ಸುಡು ಬಿಸಿಲಲ್ಲಿ ಹರಡಿ, ಮೇಲಿನ ಸಿಪ್ಪೆ ಗರಿಗರಿ ಅಂದ ತಕ್ಷಣ ಆಯ್ತು ಅಂದುಕೊಂಡು, ಸೊಪ್ಪನ್ನು ಬುಡಕ್ಕೇ ಕತ್ತರಿಸಿ ತುಂಬಿಬಿಟ್ಟೆ. ಸಿಪ್ಪೆ ಒಣಗಿತ್ತು. ಕುತ್ತಿಗೆ ಒಣಗಿರಲಿಲ್ಲ.

ಹಾಗಾಗಿ ಈ ಸಲ ಕಾದೆ. ಹಿತ್ತಲಲ್ಲಿ ಎರಡು ಪಾತಿ ದೊಡ್ಡ ಈರುಳ್ಳಿ, ಒಂದು ಪಾತಿ ಸಣ್ಣ ಈರುಳ್ಳಿ. ಒಂದು ದಿನ ಬೆಳಗ್ಗೆ ನೋಡಿದರೆ ಏಳೆಂಟು ಗಿಡ ಮಲಗಿದ್ದವು. ಗಾಳಿಗೆ ಬಿದ್ದಿದ್ದಲ್ಲ, ಸುಮ್ನೆ ಸುಸ್ತಾದವರ ಹಾಗೆ ಪಕ್ಕಕ್ಕೆ ವಾಲಿದ್ದವು. ಈರುಳ್ಳಿಯ ಕುತ್ತಿಗೆ ಅಂದರೆ ನಿಜವಾದ ಕಾಂಡ ಅಲ್ಲ, ಒಂದರೊಳಗೊಂದು ಹೊಕ್ಕ ಎಲೆಗಳ ಕೊಳವೆ. ಗಡ್ಡೆ ಬಲಿಯುವ ಹೊತ್ತಿಗೆ ಒಳಗಿನಿಂದ ಹೊಸ ಎಲೆ ಬರೋದು ನಿಲ್ಲುತ್ತದೆ. ಆಗ ಕೊಳವೆ ಟೊಳ್ಳಾಗಿ, ಮೇಲಿನ ಸೊಪ್ಪಿನ ಭಾರ ತಡೆಯಲಾರದೆ ಮಡಚಿಕೊಳ್ಳುತ್ತದೆ. ಗಿಡ ತಾನಾಗಿ ಬಾಗಿಲು ಹಾಕಿಕೊಳ್ಳುವ ರೀತಿ ಅದು.

ಅಮ್ಮನಿಗೆ ಇದೆಲ್ಲ ಕೇಳುವ ತಾಳ್ಮೆ ಇಲ್ಲ. "ಕಾಲಲ್ಲಿ ತುಳಿದು ಮಲಗಿಸಿಬಿಡೋ, ಒಂದೇ ಸಲ ಆಗುತ್ತೆ" ಅಂದಳು. ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಗೊತ್ತು. ನನಗೆ ಮನಸ್ಸಾಗಲಿಲ್ಲ. ಬಲವಂತವಾಗಿ ಮುರಿದ ಕುತ್ತಿಗೆ ಅಂದರೆ ಗಾಯ, ಅದೂ ಕೊಳೆ ಇಳಿಯುವ ಜಾಗದಲ್ಲೇ.

"ನೀನು ಓದಿ ಓದಿ ಹಾಳಾದೆ ಕಣೋ" ಅಂದು ಒಳಗೆ ಹೋದಳು.

ನೀರು ನಿಲ್ಲಿಸಿದೆ. ಹತ್ತು ದಿನ ಕಳೆಯುವಷ್ಟರಲ್ಲಿ ಮುಕ್ಕಾಲು ಪಾತಿ ಮಲಗಿತ್ತು, ತುದಿಗಳು ಹಳದಿ ತಿರುಗಿದ್ದವು. ಹನ್ನೊಂದನೇ ದಿನ ಮೋಡ. ಇನ್ನೆರಡು ದಿನ ಬಿಡಬೇಕು ಅಂತ ಆಸೆ ಇತ್ತು, ಆದರೆ ಬಲಿತ ಗಡ್ಡೆ ಮೇಲೆ ಮಳೆ ಬಿದ್ದರೆ ಮತ್ತೆ ಬೇರು ಬಿಡುತ್ತದೆ, ಸಿಪ್ಪೆ ಒಡೆಯುತ್ತದೆ, ಒಣಗಿಸೋದಂತೂ ಕೇಳಲೇಬೇಡಿ. ಬೆಳಗ್ಗೆ ಆರೂವರೆಗೆ ಕುರುಪಿ ಹಿಡಿದು ಕೂತೆ.

ಕೀಳುವ ಕೆಲಸ ನನಗೆ ತುಂಬ ಇಷ್ಟ. ಕುರುಪಿಯನ್ನು ಗಡ್ಡೆಯಿಂದ ನಾಲ್ಕು ಬೆರಳು ದೂರ ಇಳಿಸಿ ಮಣ್ಣು ಸ್ವಲ್ಪ ಮೀಟಬೇಕು. ಆಮೇಲೆ ಸೊಪ್ಪು ಹಿಡಿದು ಎತ್ತಿದರೆ ಬೇರು ಒಂದೊಂದೇ ಬಿಡುವುದು ಕೈಗೆ ಗೊತ್ತಾಗುತ್ತದೆ, ಪಟಪಟ ಅಂತ ಸಣ್ಣ ದಾರ ಹರಿದ ಹಾಗೆ. ಮಣ್ಣು ಕೊಡವೋಕೆ ಒಂದಕ್ಕೊಂದು ಕುಟ್ಟಬಾರದು. ನಾಲ್ಕನೇ ಗಡ್ಡೆಗೇ ನಾನು ಮರೆತು ಕುಟ್ಟಿದೆ. ಪೆಟ್ಟು ಬಿದ್ದ ಈರುಳ್ಳಿ ಆ ದಿನ ಏನೂ ಹೇಳುವುದಿಲ್ಲ, ತಿಂಗಳ ಮೇಲೆ ಹೇಳುತ್ತದೆ. ಅದನ್ನು ಅಡುಗೆಮನೆಯ ಬುಟ್ಟಿಗೆ ಹಾಕಿದೆ. ಕುರುಪಿ ತಾಗಿದ ಎರಡೂ ಅಲ್ಲಿಗೇ.

ಸಣ್ಣ ಈರುಳ್ಳಿಯದು ಬೇರೆಯೇ ಖುಷಿ. ಒಂದು ಗಡ್ಡೆ ನೆಟ್ಟಿದ್ದೆ, ಎತ್ತಿದರೆ ಏಳು, ಒಂದು ಬುಡದಲ್ಲಂತೂ ಹನ್ನೊಂದು. ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ, ಒಳಗಿನ ಮೈ ಚಪ್ಪಟೆ, ಹೊರಗಿನದು ಉಬ್ಬು. ಗೊಂಚಲನ್ನು ಅಲ್ಲೇ ಬಿಡಿಸೋಕೆ ಕೈ ತುರಿಸುತ್ತದೆ. ಬಿಡಿಸಬಾರದು. ಹಸಿ ಇದ್ದಾಗ ಎಳೆದರೆ ಬುಡದಲ್ಲಿ ಸಿಪ್ಪೆ ಕಿತ್ತು ಬರುತ್ತದೆ. ಒಣಗಿದ ಮೇಲೆ ತಾವೇ ಬಿಟ್ಟುಕೊಳ್ಳುತ್ತವೆ.

ಹನ್ನೊಂದು ಗಂಟೆಗೆ ಮೊದಲ ಹನಿ ಬಿತ್ತು. ಅಷ್ಟರಲ್ಲಿ ಕಿತ್ತಾಗಿತ್ತು, ಸಾಗಿಸಿ ಆಗಿರಲಿಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. ಇಬ್ಬರೂ ಬುಟ್ಟಿ, ಬಕೆಟ್, ಕೊನೆಗೆ ಒಣಗಿದ ಬಟ್ಟೆ ತರುವ ಟಬ್, ಸಿಕ್ಕಿದ್ದರಲ್ಲೆಲ್ಲ ತುಂಬಿ ಶೆಡ್ಡಿಗೆ ಸಾಗಿಸಿದೆವು. ಮಳೆ ಬಂದಿದ್ದು ಹತ್ತು ನಿಮಿಷ. ಆಮೇಲೆ ಚುರುಕು ಬಿಸಿಲು, ನಗುತ್ತಿದ್ದ ಹಾಗೆ.

ಶೆಡ್ಡಿನಲ್ಲಿ ಹಳೇ ಕಬ್ಬಿಣದ ಮಂಚದ ಮೇಲೆ ಕೋಳಿ ಜಾಲರಿ ಬಿಗಿದಿದ್ದೆ. ಅದರ ಮೇಲೆ ಸೊಪ್ಪಿನ ಸಮೇತ ಒಂದೇ ಪದರ ಹರಡಿದೆ. ನೆರಳು ಬೇಕು, ಆದರೆ ಕೆಳಗಿನಿಂದಲೂ ಗಾಳಿ ಆಡಬೇಕು. ಸುಡು ಬಿಸಿಲಿಗೆ ಬರೀ ಗಡ್ಡೆ ಇಟ್ಟರೆ ಬಿಸಿಲು ತಾಗಿದ ಮಗ್ಗುಲು ಬೆಂದು ಮೆತ್ತಗಾಗುತ್ತದೆ, ಹೋದ ವರ್ಷ ಅದನ್ನೂ ಮಾಡಿದ್ದೆ. ಮೋಡ ಬಿಡದ ಮೂರು ದಿನ ಟೇಬಲ್ ಫ್ಯಾನ್ ಹಾಕಿದೆ. ಅಮ್ಮ ಕರೆಂಟ್ ಮೀಟರ್ ಕಡೆ ನೋಡಿದಳು, ಮಾತಾಡಲಿಲ್ಲ.

ದಿನಾ ಸಂಜೆ ಒಂದೆರಡು ಕುತ್ತಿಗೆ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕುತ್ತಿದ್ದೆ. ಹಸಿ ಇದ್ದರೆ ಒಳಪದರಗಳು ಒಂದರ ಮೇಲೊಂದು ಜಾರುತ್ತವೆ, ಒದ್ದೆ ಸೋಪಿನ ಹಾಗೆ. ಮೊದಲ ವಾರ ಜಾರಿತು. ಎರಡನೇ ವಾರ ಸಿಪ್ಪೆ ಎಷ್ಟು ಚೆನ್ನಾಗಿ ಒಣಗಿತ್ತೆಂದರೆ ಕೈ ಆಡಿಸಿದರೆ ಸರಸರ ಸದ್ದು, ಆದರೆ ಕುತ್ತಿಗೆ ಇನ್ನೂ ಜಾರುತ್ತಿತ್ತು. ಹೋದ ಸಲ ಎರಡೇ ದಿನಕ್ಕೆ ಮೋಸ ಹೋದವನು ನಾನು! ಹದಿನೆಂಟನೇ ದಿನ ಏನೂ ಜಾರಲಿಲ್ಲ. ಒಣಹುಲ್ಲು ಹಿಡಿದ ಹಾಗಿತ್ತು.

ಆಮೇಲೆ ಎರಡು ಬೆರಳಿನಷ್ಟು ಕುತ್ತಿಗೆ ಉಳಿಸಿ ಸೊಪ್ಪು ಕತ್ತರಿಸಿದೆ, ಬೇರು ಟ್ರಿಮ್ ಮಾಡಿದೆ, ಆರಿಸಿದೆ. ಹೂದಂಟು ಬಿಟ್ಟಿದ್ದು, ಜೋಡು ಗಡ್ಡೆ, ದಪ್ಪ ಕುತ್ತಿಗೆಯದು, ಇವು ಮೂರೂ ಬೇಗ ಖರ್ಚು ಮಾಡುವ ರಾಶಿಗೆ. ಹೂದಂಟಿನದು ನಡುವೆ ಟೊಳ್ಳು ಕೊಳವೆ ಇರುತ್ತದೆ, ಒಳಗಿನಿಂದಲೇ ಕೊಳೆಯುತ್ತದೆ.

ಉಳಿದದ್ದು ಬಲೆ ಚೀಲದಲ್ಲಿ, ನೇತುಹಾಕಿ. ಆಲೂಗಡ್ಡೆ ಚೀಲವನ್ನು ಬೇರೆ ಕಡೆ ಕಳಿಸಿದೆ, ಅದು ತೇವ ಬಿಡುತ್ತದೆ. ಇಡುವ ಜಾಗದ ಬಗ್ಗೆ ನನಗೆ ವಿಚಿತ್ರ ಅನ್ನಿಸಿದ್ದು ಇದು: ಈರುಳ್ಳಿಗೆ 0 ಡಿಗ್ರಿ ಹತ್ತಿರದ ಚಳಿ ಆಗುತ್ತದೆ, 25ರಿಂದ 30 ಡಿಗ್ರಿ ಸೆಕೆಯೂ ಆಗುತ್ತದೆ, ನಡುವಿನ ತಂಪು ಮಾತ್ರ ಆಗಿಬರುವುದಿಲ್ಲ. 10, 15 ಡಿಗ್ರಿಯಲ್ಲಿ ಮೊಳಕೆ ಒಡೆಯೋಕೆ ಅದಕ್ಕೆ ಹುಮ್ಮಸ್ಸು. ನಮಗೆ ಹಿತವಾದ ತಂಪು ಅದಕ್ಕೂ ಹಿತ, ಅಲ್ವಾ? ತೇವ ಮಾತ್ರ ಎಲ್ಲೂ ಆಗದು. ಸಣ್ಣ ಈರುಳ್ಳಿ ಇಷ್ಟು ತಕರಾರು ಮಾಡುವುದಿಲ್ಲ, ಸರಿಯಾಗಿ ಒಣಗಿದ್ದರೆ ದೊಡ್ಡದಕ್ಕಿಂತ ಜಾಸ್ತಿ ದಿನ ಬಾಳುತ್ತದೆ. ಅದರಲ್ಲಿ ಒಂದು ಬೊಗಸೆ ಮುಂದಿನ ನಾಟಿಗೆ ಅಂತ ತೆಗೆದಿಟ್ಟೆ.

ದಪ್ಪ ಕುತ್ತಿಗೆಯ ರಾಶಿ ನೋಡಿ ಅಮ್ಮ, "ಇದಕ್ಕೇನಾಗಿದೆ ದಾಡಿ, ಕಲ್ಲಿನ ಹಾಗಿದೆ" ಅಂದಳು. ಇಡೋಕಾಗಲ್ಲ ಅಂದೆ. ಇಟ್ಟು ನೋಡು ಅಂದಳು. ಸರಿ ಅಂತ ಒಂದಕ್ಕೆ ಕೆಂಪು ದಾರ ಕಟ್ಟಿ ಬಲೆ ಚೀಲದ ಮೇಲ್ಭಾಗದಲ್ಲಿ ಇಟ್ಟೆ. ಪ್ರತಿ ಭಾನುವಾರ ಚೀಲಗಳನ್ನು ಮೂಸಿ ನೋಡಿ, ಅದರ ಕುತ್ತಿಗೆ ಒತ್ತುತ್ತೇನೆ. ಇಲ್ಲಿಗೆ ಒಂಬತ್ತು ವಾರ. ಚೆನ್ನಾಗಿ ಒಣಗಿದ್ದು ಅಂತ ನಾನು ಸರ್ಟಿಫಿಕೇಟ್ ಕೊಟ್ಟಿದ್ದರಲ್ಲಿ ಎರಡು ಮೆತ್ತಗಾದವು, ಒಂದರ ಸಿಪ್ಪೆ ಕೆಳಗೆ ಕಾಡಿಗೆಯಂಥ ಕಪ್ಪು ಪುಡಿ ಕಂಡಿತು. ದಾರ ಕಟ್ಟಿದ್ದು ಇನ್ನೂ ಕಲ್ಲಿನ ಹಾಗೇ ಇದೆ. ಅಮ್ಮನಿಗೆ ಹೇಳಿಲ್ಲ.