ಆರು ಜನರಿದ್ದರೆ ಅದು ಮನೆಯೇ

ಮೂಲೆ ಮನೆಯನ್ನು ಯಾರೋ ಕೊಂಡು ವಯಸ್ಸಾದವರ ಆರೈಕೆ ಮನೆ ಮಾಡುತ್ತಾರಂತೆ. ಈ ಸುದ್ದಿ ಬಂದದ್ದೇ ತಡ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿನ ನಮ್ಮ ಬೀದಿಯ ವಾಟ್ಸಾಪ್ ಗ್ರೂಪು ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗಾಯಿತು. "ಇದು ವ್ಯಾಪಾರ, ಸಿಟಿಗೆ ದೂರು ಕೊಡೋಣ" ಅಂತ ಒಬ್ಬರು. "ಮನೆಗಳ ಬೆಲೆ ಬಿದ್ದುಹೋಗುತ್ತೆ" ಅಂತ ಇನ್ನೊಬ್ಬರು.

ನಾನು ಇಂಥದ್ದೇ ಮನೆಯಲ್ಲಿ ಕೆಲಸ ಮಾಡಿದವಳು. ಇಂಥ ಮನೆ ನಡೆಸುವವರಿಗಿರುವ 80 ಗಂಟೆಯ ಅಡ್ಮಿನಿಸ್ಟ್ರೇಟರ್ ತರಬೇತಿ ಮುಗಿಸಿ ಪರೀಕ್ಷೆಯನ್ನೂ ಬರೆದಿದ್ದೇನೆ. ಹಾಗಾಗಿ ಸುಮ್ನೆ ಇರಲಾಗಲಿಲ್ಲ.

ಕ್ಯಾಲಿಫೋರ್ನಿಯಾದ ಕಾನೂನು ಸ್ಪಷ್ಟವಾಗಿದೆ. ಲೈಸೆನ್ಸ್ ಪಡೆದ ಮನೆಯಲ್ಲಿ ಆರು ಅಥವಾ ಅದಕ್ಕಿಂತ ಕಡಿಮೆ ಹಿರಿಯರಿದ್ದರೆ, ಜೋನಿಂಗ್ ಮಟ್ಟಿಗೆ, ಅಂದರೆ ಯಾವ ಜಾಗದಲ್ಲಿ ಏನು ನಡೆಸಬಹುದು ಅನ್ನುವ ಸಿಟಿಯ ನಿಯಮಗಳ ಮಟ್ಟಿಗೆ, ಅವರೆಲ್ಲ ಒಂದು ಕುಟುಂಬ. ಅಲ್ಲಿ ಕೆಲಸ ಮಾಡುವವರು, ಮಾಲೀಕರ ಮನೆಯವರು ಈ ಆರರ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದ ಮನೆಯವರಿಂದ ಕೇಳದ ವಿಶೇಷ ಪರ್ಮಿಟ್ಟನ್ನು ಸಿಟಿ ಇವರಿಂದ ಕೇಳುವ ಹಾಗಿಲ್ಲ. ಬಡಾವಣೆ ಸಂಘದ ಕರಾರು ಪತ್ರದಲ್ಲಿ "ವಾಸಕ್ಕೆ ಮಾತ್ರ" ಅಂತಿದ್ದರೂ ಇದು ವಾಸವೇ. ಏಳನೆಯವರು ಬಂದರೆ ಈ ರಕ್ಷಣೆ ಇಲ್ಲ, ಆಗ ಸಿಟಿಯ ಮಾತು ನಡೆಯುತ್ತದೆ.

ಹಾಗಂತ ಯಾರು ಬೇಕಾದರೂ ಬೋರ್ಡ್ ಹಾಕಿ ಕೂರುವಂತಿಲ್ಲ. ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರದ ಸಮಾಜ ಸೇವಾ ಇಲಾಖೆ. ಒಂದು ಕೋಣೆಗೆ ಇಬ್ಬರಿಗಿಂತ ಜಾಸ್ತಿ ಇರಬಾರದು. ಒಬ್ಬರ ಮಲಗುವ ಕೋಣೆ ಇನ್ನೊಂದು ಕೋಣೆಗೆ ಹೋಗುವ ದಾರಿಯಾಗಬಾರದು. ನಲ್ಲಿಯ ಬಿಸಿನೀರು 105ರಿಂದ 120 ಡಿಗ್ರಿ ಫ್ಯಾರನ್‌ಹೀಟ್ ಒಳಗೇ ಇರಬೇಕು. ವಯಸ್ಸಾದವರ ಚರ್ಮ ತೆಳು, ಬೇಗ ಸುಡುತ್ತದೆ, ಅದಕ್ಕೇ. ಔಷಧಿ ಬೀಗದೊಳಗೆ.

ಎಲ್ಲಕ್ಕಿಂತ ಬೆವರಿಳಿಸುವುದು ಅಗ್ನಿಶಾಮಕದವರ ಒಪ್ಪಿಗೆ. ಬೆಂಕಿ ಬಿದ್ದಾಗ ತಾವಾಗಿಯೇ ಹೊರಗೆ ಬರಬಲ್ಲವರು ಒಂದು ಗುಂಪು, ಬರಲಾರದವರು ಇನ್ನೊಂದು. ಕಾಲು ಗಟ್ಟಿಯಿದ್ದು ದಿನಾ ವಾಕಿಂಗ್ ಹೋಗುವ ಅಜ್ಜನೂ, ಮರೆವಿನ ಕಾಯಿಲೆಯಿಂದ "ಹೊರಗೆ ಬನ್ನಿ" ಅಂದರೆ ಅರ್ಥವಾಗದಿದ್ದರೆ, ಎರಡನೇ ಗುಂಪಿಗೇ ಸೇರುತ್ತಾರೆ. ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳಲು ಬೇರೆಯೇ ಒಪ್ಪಿಗೆ ಬೇಕು. ಯಾವ ಕೋಣೆಯಲ್ಲಿ ಯಾರು ಅಂತ ಮೊದಲೇ ಯೋಚಿಸದೆ ಮನೆ ಕೊಂಡರೆ ಗೋಡೆ ಒಡೆಸುವ ಪಾಡು. ಇದರ ಮೇಲೆ ವಿಮೆ ಕಡ್ಡಾಯ, ಒಂದು ಘಟನೆಗೆ ಕನಿಷ್ಠ 10 ಲಕ್ಷ ಡಾಲರ್.

ಇಷ್ಟೆಲ್ಲ ಗ್ರೂಪಿನಲ್ಲಿ ಬರೆದೆ. ನನಗಂತೂ ಈ ಕಾನೂನು ಸರಿಯೇ ಅನಿಸುತ್ತದೆ. ನಮ್ಮ ಅಪ್ಪ ಅಮ್ಮಂದಿರೂ ಇಲ್ಲಿಗೇ ಬರುತ್ತಿದ್ದಾರೆ, ಅಲ್ವಾ? ದೂರಿನ ಮಾತು ನಿಂತಿತು. ಈಗ ಕಾರ್ ಪಾರ್ಕಿಂಗ್ ಬಗ್ಗೆ ಶುರು ಹಚ್ಚಿಕೊಂಡಿದ್ದಾರೆ. ಬೀದಿಯ ಉಳಿದ ಮನೆಗಳಿಗಿಲ್ಲದ ಪಾರ್ಕಿಂಗ್ ನಿಯಮ ಅದೊಂದಕ್ಕೇ ಹಾಕುವಂತಿಲ್ಲ ಅಂತ ಇವತ್ತು ಬರೆಯಬೇಕು.