‘ಬರೀ ಗದ್ದೆ ತಾನೇ’ ಎನ್ನುವವರಿಗೆ

“ಅಲ್ಲಾ, ಇಷ್ಟು ಬೆಲೆಯ ಸೈಕಲ್ ಇಟ್ಟುಕೊಂಡು ಆ ಗದ್ದೆ ಬಯಲಿನ ಕಲ್ಲು ದಾರಿಯಲ್ಲಿ ಏಕೆ ಸುತ್ತುತ್ತೀರಿ? ಅಲ್ಲಿ ನೋಡುವುದಕ್ಕೆ ಏನಿದೆ?”

ಕಚೇರಿಯಲ್ಲಿ ಕೇಳುತ್ತಾರೆ, ಸೈಕಲ್ ಅಂಗಡಿಯಲ್ಲಿ ಕೇಳುತ್ತಾರೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಮೊದಮೊದಲು ನಗುತ್ತಾ ಏನೋ ಒಂದು ಹೇಳುತ್ತಿದ್ದೆ. ಆರೋಗ್ಯಕ್ಕೆ ಒಳ್ಳೆಯದು, ವಾಹನಗಳ ಕಾಟವಿಲ್ಲ, ಹೀಗೆ. ಈಗ ಸಾಕಾಗಿದೆ. ಒಂದು ಸಲ ಪೂರ್ತಿ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಓದಿ ಎನ್ನುತ್ತೇನೆ.

ನಾನು ಭಾನುವಾರಗಳಂದು ಕನ್ನಂಬಾಡಿ ಕಟ್ಟೆಯ ಕೆಳಗಿನ ನಾಲೆಗಳ ಏರಿಯ ಮೇಲೆ ಸೈಕಲ್ ತುಳಿಯುತ್ತೇನೆ. ಹೆಚ್ಚಾಗಿ ವಿಶ್ವೇಶ್ವರಯ್ಯ ನಾಲೆ ಮತ್ತು ಅದರ ಕವಲುಗಳು, ಪಾಂಡವಪುರದಿಂದ ಮಂಡ್ಯ, ಮದ್ದೂರಿನ ಕಡೆಗೆ. ಕೆಲವೊಮ್ಮೆ ಶ್ರೀರಂಗಪಟ್ಟಣದ ಸುತ್ತಲಿನ ಹಳೆಯ ನಾಲೆಗಳು: ವಿರಿಜಾ, ಚಿಕ್ಕದೇವರಾಜ ಸಾಗರ, ಬಂಗಾರದೊಡ್ಡಿ. ಏರಿಯ ಮೇಲೆ ಗರಸು ಮಣ್ಣು, ಅದರ ಮೇಲೆ ಚದುರಿದ ಜಲ್ಲಿ, ಟ್ರ್ಯಾಕ್ಟರ್ ಚಕ್ರದ ಎರಡು ಜಾಡು, ನಡುವೆ ಹುಲ್ಲು. ಇಂಥ ದಾರಿಗೆಂದೇ ಮಾಡಿದ ಸೈಕಲ್ ಇದೆ, ಗ್ರಾವೆಲ್ ಸೈಕಲ್ ಎನ್ನುತ್ತಾರೆ. ಟಾರು ರಸ್ತೆಯ ಓಟದ ಸೈಕಲ್ಲಿನ ಟೈರ್ 25ರಿಂದ 28 ಮಿಲಿಮೀಟರ್ ಅಗಲವಿದ್ದರೆ ನನ್ನದು 40. ಓಟದ ಟೈರಿಗೆ ತುಂಬುವುದರ ಅರ್ಧಕ್ಕಿಂತ ಕಡಿಮೆ ಗಾಳಿ ತುಂಬುತ್ತೇನೆ. ಟೈರ್ ಕಲ್ಲಿನ ಮೇಲೆ ನೆಗೆಯದೆ ಅದನ್ನು ಅಪ್ಪಿಕೊಂಡು ಹೋಗಬೇಕು, ಅದಕ್ಕೆ. ಜಾಲಿ ಮುಳ್ಳಿನ ಕಾಟಕ್ಕೆ ಟ್ಯೂಬ್ ತೆಗೆದುಹಾಕಿ ಒಳಗೆ ಅಂಟು ದ್ರವ ಸುರಿದಿದ್ದೇನೆ. ಸೈಕಲ್ಲಿನ ವಿಷಯ ಇಷ್ಟು ಸಾಕು.

ಪ್ರಶ್ನೆ ಕೇಳುವವರಲ್ಲಿ ಎರಡು ಬಗೆ. ಮೊದಲನೆಯವರು ಸೈಕಲ್ ತುಳಿಯುವವರೇ. ಅವರಿಗೆ ಚಾಮುಂಡಿ ಬೆಟ್ಟ ಬೇಕು, ನಂದಿ ಬೆಟ್ಟ ಬೇಕು. ಬಯಲಿಗೆ ಹೋಗುವವರು ಬೆಟ್ಟ ಹತ್ತಲಾಗದವರು ಎಂಬ ಭಾವನೆ ಅವರಲ್ಲಿ ಗಟ್ಟಿಯಾಗಿ ಕೂತಿದೆ. ಆಷಾಢದಲ್ಲಿ ಒಂದು ದಿನ ನನ್ನ ಜೊತೆ ಬನ್ನಿ ಎಂದು ಇವರನ್ನು ಕರೆಯುತ್ತೇನೆ. ಬೆಟ್ಟಕ್ಕೆ ತುದಿ ಇದೆ, ಹತ್ತಿದವರಿಗೆ ಇಳಿಜಾರು ಸಿಗುತ್ತದೆ, ಇಳಿಯುವಾಗ ಕಾಲಿಗೆ ಬಿಡುವು. ಬಯಲಿನಲ್ಲಿ ಪಡುವಣ ಗಾಳಿ ಎದುರಿಗೆ ನಿಂತರೆ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಒಂದು ಸುತ್ತೂ ಬಿಡದೆ ಪೆಡಲ್ ಮಾಡಬೇಕು. ಬಿಟ್ಟರೆ ಸೈಕಲ್ ನಿಲ್ಲುತ್ತದೆ. ಕಬ್ಬಿನ ಗದ್ದೆ ಪಕ್ಕಕ್ಕೆ ಬಂದರೆ ಒಂದಿಷ್ಟು ಮರೆ, ಅದು ಮುಗಿದು ಭತ್ತದ ಬಯಲು ತೆರೆದುಕೊಂಡ ಕೂಡಲೇ ಗಾಳಿ ಎದೆಗೆ ಹಾಯುತ್ತದೆ. ಹೀಗೆ ಬೆಟ್ಟದ ಪರಾಕ್ರಮಿಗಳಿಬ್ಬರು ಬಂದಿದ್ದರು, ನಲವತ್ತು ಕಿಲೋಮೀಟರ್ ಆದ ಮೇಲೆ ಬಸ್ ನಿಲ್ದಾಣ ಎಲ್ಲಿದೆ ಎಂದು ಕೇಳಿದರು. ಅವರ ಮೇಲೆ ನನಗೆ ಕೋಪವಿಲ್ಲ. ಬಂದು ನೋಡಿದರಲ್ಲ.

ಕೋಪ ಬರುವುದು ಎರಡನೆಯ ಬಗೆಯವರ ಮೇಲೆ. ಕಳೆದ ವರ್ಷ ಒಂದು ನಾಮಕರಣದ ಊಟದಲ್ಲಿ ನನ್ನ ಪಕ್ಕದ ಎಲೆಗೆ ಕುಳಿತ ಹಿರಿಯರೊಬ್ಬರು ನಾನು ಹೋಗುವ ದಾರಿಯನ್ನೆಲ್ಲ ಕೇಳಿ ತಿಳಿದುಕೊಂಡು, “ಓ, ಬರೀ ಗದ್ದೆ ತಾನೇ” ಎಂದರು. ಅನ್ನಕ್ಕೆ ಸಾರು ಕಲಸುತ್ತಾ ಹೇಳಿದರು. ಅವರ ಅಪ್ಪ ನಾಲೆಯ ಕೆಳಗೆ ಬೇಸಾಯ ಮಾಡಿದವರು, ಆ ಜಮೀನು ಮಾರಿ ಇವರು ಊರು ಬಿಟ್ಟವರು. ಜಮೀನು ಮಾರುವುದು ತಪ್ಪಲ್ಲ, ಅದಕ್ಕೆ ನೂರು ಕಾರಣ ಇರುತ್ತವೆ. ಆದರೆ ಆ ‘ಬರೀ’ ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಪಾಯಸ ಬಡಿಸುವ ತನಕ ನಾನು ಮಾತಾಡಲಿಲ್ಲ. ಅಂದು ಹೇಳಬೇಕಿದ್ದುದನ್ನು ಈಗ ಹೇಳುತ್ತೇನೆ.

ಅದು ಸಮತಟ್ಟಲ್ಲ. ಕಾರಿನ ಕಿಟಕಿಯಿಂದ ನೋಡುವವರಿಗೆ ಸಮತಟ್ಟು. ನೀರು ಬೆಟ್ಟ ಹತ್ತುವುದಿಲ್ಲ, ಹಾಗೆಂದು ಒಮ್ಮೆಲೇ ಇಳಿದುಬಿಟ್ಟರೆ ದೂರದ ಊರಿಗೆ ತಲುಪುವುದೂ ಇಲ್ಲ. ಆದ್ದರಿಂದ ನಾಲೆಯನ್ನು ನೆಲದ ಏರುತಗ್ಗುಗಳ ಸೊಂಟ ಬಳಸಿ, ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟು ಒಯ್ದಿದ್ದಾರೆ. ಏರಿಯ ದಾರಿ ಹತ್ತು ಕಿಲೋಮೀಟರ್ ಹೋಗುವಲ್ಲಿ ಹದಿನೈದು ಸುತ್ತುವುದು ಇದಕ್ಕೇ. ಹೀಗೆ ಹೋಗುವಾಗ ನಾಲೆಯ ಒಂದು ಮಗ್ಗುಲು ಅದರ ನೀರಿನ ಮಟ್ಟಕ್ಕಿಂತ ಮೇಲೆ ಉಳಿಯುತ್ತದೆ, ಇನ್ನೊಂದು ಮಗ್ಗುಲು ಕೆಳಗೆ. ಮೇಲಿನದು ಖುಷ್ಕಿ: ರಾಗಿ, ಹುರುಳಿ, ಮಳೆ ನಂಬಿದ ಹೊಲ. ಕೆಳಗಿನದು ತರಿ: ಭತ್ತ, ಕಬ್ಬು, ತೆಂಗು. ನಡುವೆ ಏರಿ, ಏರಿಯ ಮೇಲೆ ನಾನು. ಎಡಗೈ ಚಾಚಿದರೆ ಒಂದು ಬದುಕು, ಬಲಗೈ ಚಾಚಿದರೆ ಇನ್ನೊಂದು. ಇವೆರಡರ ನಡುವಿನ ಎತ್ತರದ ವ್ಯತ್ಯಾಸ ಕೆಲವು ಕಡೆ ಒಂದಾಳು ಕೂಡ ಇರುವುದಿಲ್ಲ. ಆ ಒಂದಾಳಿನ ಎತ್ತರ ಒಂದು ಮನೆಯವರಿಗೆ ಎರಡು ಬೆಳೆ ಕೊಟ್ಟಿದೆ, ಪಕ್ಕದ ಮನೆಯ ಮಗನನ್ನು ಬೆಂಗಳೂರಿಗೆ ಕಳುಹಿಸಿದೆ. ಇಂಥ ನೆಲವನ್ನು ನೋಡಿ ‘ಏರುತಗ್ಗೇ ಇಲ್ಲ’ ಎನ್ನುವುದು ಹೇಗೆ?

ಹುಲಿಕೆರೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ದಿಣ್ಣೆ ಅಡ್ಡ ಬಂದಾಗ ಅದನ್ನು ಕೊರೆದು ನಾಲೆಯನ್ನು ಸುರಂಗದಲ್ಲಿ ಹರಿಸಿದ್ದಾರೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು, ಮುಗಿಯಲು ಸುಮಾರು ಎರಡು ದಶಕ ಹಿಡಿಯಿತು. ಈ ನಾಲೆಗೆ ಮೊದಲಿದ್ದ ಹೆಸರು ವೈಸರಾಯ್ ಇರ್ವಿನ್‌ನದು, ವಿಶ್ವೇಶ್ವರಯ್ಯನವರ ಹೆಸರು ಆಮೇಲೆ ಬಂತು. ಸುರಂಗದ ಬಾಯಿಯಲ್ಲಿ ಇಷ್ಟೊಂದು ನೀರು ಸದ್ದಿಲ್ಲದೆ ಕತ್ತಲೊಳಗೆ ನುಗ್ಗುತ್ತದೆ. ಅಲ್ಲಿ ನಾನು ಮಾತ್ರ ದಿಣ್ಣೆ ಹತ್ತಿ ಇಳಿಯಬೇಕು. ನನ್ನ ದಾರಿಯಲ್ಲಿರುವ ನಿಜವಾದ ಏರು ಅದೊಂದೇ, ಅದೂ ನೀರು ಹತ್ತಲೊಲ್ಲದ ಏರು. ಸುರಂಗ ದಾಟಿದ ಮೇಲೆ ನಾಲೆ ಕವಲೊಡೆಯುತ್ತದೆ, ಕವಲು ಉಪನಾಲೆಯಾಗುತ್ತದೆ, ಉಪನಾಲೆ ಸೀಳುಗಾಲುವೆಯಾಗುತ್ತದೆ. ಕೊನೆಗೆ ಒಬ್ಬ ರೈತ ಸನಿಕೆಯಿಂದ ಒಂದು ಮಂಕರಿ ಮಣ್ಣು ತೆಗೆದರೆ ಗದ್ದೆಗೆ ನೀರು, ಹಾಕಿದರೆ ಇಲ್ಲ. ಅಷ್ಟು ದೊಡ್ಡ ಅಣೆಕಟ್ಟಿನ ಕೆಲಸ ಅಲ್ಲಿಗೆ ಬಂದು ಮುಗಿಯುತ್ತದೆ.

ಅಪಾಯವಲ್ಲವೇ ಎಂದೂ ಕೇಳುತ್ತಾರೆ. ಹೌದು, ಅಪಾಯ. ಎಷ್ಟೋ ಕಡೆ ನಾಲೆಗೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿಯ ಬಳಿ ಬಸ್ಸೊಂದು ಈ ನಾಲೆಗೇ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಆ ಜಾಗ ದಾಟುವಾಗ ನಾನು ಸೈಕಲ್ ಇಳಿದು ನಡೆಯುತ್ತೇನೆ. ಬೇರೆ ಕಡೆಯಲ್ಲೂ ನೀರಿನ ಬದಿಯ ಜಾಡು ಹಿಡಿಯುವುದಿಲ್ಲ, ಗದ್ದೆಯ ಬದಿಯ ಜಾಡು ಹಿಡಿಯುತ್ತೇನೆ. ಬಿದ್ದರೆ ಕೆಸರಿಗೆ ಬೀಳಬೇಕು.

ಇನ್ನು ಆ ದಿನದ ವಿಷಯ. ನನ್ನ ಉತ್ತರವೆಲ್ಲ ಇರುವುದು ಅಲ್ಲೇ.

2023ರಲ್ಲಿ ಮಳೆ ಕೈಕೊಟ್ಟಿತ್ತು, ಕಟ್ಟೆ ತುಂಬಿರಲಿಲ್ಲ. ಆ ಬೇಸಿಗೆಯ ನಾಲೆಗಳನ್ನು ನಾನು ನೋಡಿದ್ದೇನೆ: ತಳದ ಮಣ್ಣು ಸೀಳು ಬಿಟ್ಟು, ಮಕ್ಕಳು ಒಳಗಿಳಿದು ಕ್ರಿಕೆಟ್ ಆಡುತ್ತಿದ್ದರು. 2024ರ ಮುಂಗಾರು ಚೆನ್ನಾಗಿ ಹಿಡಿಯಿತು, ಕಟ್ಟೆ ತುಂಬಿತು, ನಾಲೆಗಳಿಗೆ ನೀರು ಬಿಟ್ಟರು. ಆ ವಾರದ ಭಾನುವಾರ ಮದ್ದೂರಿನ ಕಡೆಯ ಒಂದು ಉಪನಾಲೆಯ ಏರಿಯಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಕೆಂಪಗೆ ನೀರು ಹರಿಯುತ್ತಿತ್ತು. ಒಂದು ತಿರುವಿನಲ್ಲಿ ನೀರು ಮುಗಿದುಹೋಯಿತು. ಮುಂದೆ ಒಣ ನಾಲೆ.

ಬ್ರೇಕ್ ಹಿಡಿದು ಹಿಂದಕ್ಕೆ ಬಂದೆ. ನೀರಿನ ಮೂತಿ ಅಲ್ಲಿತ್ತು. ನೊರೆ, ಒಣಗಿದ ಕಬ್ಬಿನ ಸೋಗೆ, ಎಕ್ಕದ ಎಲೆ, ಒಂದು ಹರಿದ ಚಪ್ಪಲಿ, ಪ್ಲಾಸ್ಟಿಕ್ ಬಾಟಲಿಗಳು, ಎಲ್ಲವನ್ನೂ ಮುಂದಕ್ಕೆ ತಳ್ಳಿಕೊಂಡು ಮನುಷ್ಯ ನಡೆಯುವ ವೇಗಕ್ಕಿಂತ ನಿಧಾನವಾಗಿ ಬರುತ್ತಿತ್ತು. ಬಿರುಕು ಸಿಕ್ಕರೆ ನಿಂತು ಅದನ್ನು ಕುಡಿದು ತುಂಬಿಸಿ ಮತ್ತೆ ಹೊರಡುತ್ತಿತ್ತು. ಅದರ ಮುಂದೆ ಇರುವೆಗಳು ಮೊಟ್ಟೆ ಹೊತ್ತು ಓಡುತ್ತಿದ್ದವು. ಹತ್ತಾರು ಬೆಳ್ಳಕ್ಕಿಗಳು ದಡದಲ್ಲಿ ಅದರ ಸಮಕ್ಕೆ ಹೆಜ್ಜೆ ಹಾಕುತ್ತಾ ಬಿರುಕಿನಿಂದ ಹೊರಬಿದ್ದ ಹುಳುಗಳನ್ನು ಹೆಕ್ಕುತ್ತಿದ್ದವು. ನಾನೂ ಸೈಕಲ್ ತಳ್ಳುತ್ತಾ ಅವುಗಳ ಜೊತೆ ಒಂದು ಗಂಟೆ ನಡೆದೆ. ಗದ್ದೆಯ ವಾಸನೆ ಬದಲಾಗುವುದು ಗೊತ್ತಾಗುತ್ತಿತ್ತು. ಬೆಟ್ಟದ ತುದಿಯಲ್ಲಿ ಸೂರ್ಯೋದಯದ ಪಟ ತೆಗೆದುಕೊಂಡವರಿಗೆ ನಾನು ಈ ಮಾತು ಹೇಳಿದರೆ ಅವರು ನನ್ನ ಮುಖ ನೋಡುತ್ತಾರೆ.

ಆಮೇಲೆ ಸೈಕಲ್ ಹತ್ತಿ ಮುಂದೆ ಹೋದೆ. ಒಂದೂವರೆ ಕಿಲೋಮೀಟರ್ ಆಚೆ, ನಾಲೆಯಿಂದ ಗದ್ದೆಗೆ ನೀರು ಬಿಡುವ ತೂಬಿನ ಕಲ್ಲಿನ ಮೇಲೆ ಒಬ್ಬ ಅಜ್ಜ ಕುಳಿತಿದ್ದರು. ಪಕ್ಕದಲ್ಲಿ ಸನಿಕೆ. ಕೆಳಗೆ ಅವರ ಒಟ್ಟಲು, ಭತ್ತದ ಸಸಿ ನಾಟಿಗೆ ತಯಾರಾಗಿ ನಿಂತಿತ್ತು, ಕೊಳವೆ ಬಾವಿಯ ನೀರಿನಲ್ಲಿ ಬೆಳೆಸಿದ್ದಂತೆ. ಕರೆದು ನಿಲ್ಲಿಸಿದರು.

“ಮೇಲಿನಿಂದ ಬಂದೆಯಲ್ಲಪ್ಪ, ನೀರು ಎಲ್ಲಿಗೆ ಬಂತು?”

ಇಷ್ಟು ವರ್ಷಗಳಲ್ಲಿ ಈ ದಾರಿಯ ಬಗ್ಗೆ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಉತ್ತರ ನನ್ನ ಬಳಿ ಇತ್ತು. “ಹುಣಸೆ ಮರದ ಹತ್ತಿರ ಇದೆ ಅಜ್ಜ, ಎರಡು ತೂಬು ಹಿಂದೆ” ಎಂದೆ. ಹುಣಸೆ ಮರದಿಂದ ಮೇಲೆಯೋ ಕೆಳಗೆಯೋ ಎಂದರು. ಕೆಳಗೆ ಎಂದೆ. ಎಷ್ಟು ಅಗಲಕ್ಕೆ ಬರುತ್ತಿದೆ, ನೊರೆ ದಪ್ಪ ಇದೆಯೋ ತೆಳುವಾಗಿದೆಯೋ, ಮೇಲಿನ ತೂಬುಗಳಲ್ಲಿ ಯಾರಾದರೂ ಕಟ್ಟಿ ತಿರುಗಿಸಿಕೊಂಡಿದ್ದಾರೆಯೋ ಎಂದು ಒಂದೊಂದಾಗಿ ಕೇಳಿದರು. ಗೊತ್ತಿದ್ದುದನ್ನು ಹೇಳಿದೆ. ಜೇಬಿನಿಂದ ಮೊಬೈಲ್ ತೆಗೆದು ಮಗನಿಗೆ, “ಸಂಜೆಗೆ ಮುಂಚೆ ಬರುತ್ತದೆ, ನಾಳೆಗೆ ಆಳು ಹೇಳು” ಎಂದರು. ನನ್ನ ಮಾತಿನ ಮೇಲೆ ನಾಳೆಯ ಆಳು! ನನಗೆ ಒಮ್ಮೆ ಹೆದರಿಕೆಯಾಯಿತು, ಸರಿಯಾಗಿ ನೋಡಿದ್ದೇನೆಯೇ ಎಂದು. ಆಮೇಲೆ ಅವರು ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ, “ದಪ್ಪ ಇದೆ. ಏರಿಗೆ ಇಂಥದ್ದೇ ಸರಿ” ಎಂದರು. ಬೆಲೆ ಕೇಳಲಿಲ್ಲ. ಇಲ್ಲಿ ಏಕೆ ಬರುತ್ತೀಯ ಎಂದೂ ಕೇಳಲಿಲ್ಲ.

ಅಂದಿನಿಂದ ನಾನು ನೋಡುವ ಬಗೆಯೇ ಬೇರೆಯಾಯಿತು. ನೀರು ತೂಬಿನ ಎಷ್ಟನೆಯ ಕಲ್ಲಿಗೆ ಮುಟ್ಟಿದೆ, ಯಾವ ಕಡೆ ಏರಿ ಜಿನುಗುತ್ತಿದೆ, ಎಲ್ಲಿ ಸೀಳುಗಾಲುವೆಗೆ ಹೂಳು ತುಂಬಿದೆ, ಇವೆಲ್ಲ ತಾನಾಗಿ ಕಣ್ಣಿಗೆ ಬೀಳುತ್ತವೆ. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರಲ್ಲ, ಆ ಲೆಕ್ಕ ಈಗ ನನ್ನ ಕ್ಯಾಲೆಂಡರಿನಲ್ಲೂ ಇದೆ. ಕೊನೆಯ ಭಾಗದ ರೈತರಿಗೆ ನೀರು ತಲುಪಿಲ್ಲ ಎಂದು ಪತ್ರಿಕೆಯಲ್ಲಿ ಓದಿದಾಗ ಆ ಕೊನೆ ಯಾವುದು, ಅಲ್ಲಿಗೆ ಹೋಗುವ ದಾರಿಯಲ್ಲಿ ಎಷ್ಟು ತೂಬುಗಳಿವೆ ಎಂದು ನನಗೆ ಗೊತ್ತು. ನಾಲೆಯ ನೀರು ಹಂಚುವ ನೀರಗಂಟಿಗಳಲ್ಲಿ ಇಬ್ಬರು ಕೈ ಎತ್ತಿ ಮಾತಾಡಿಸುತ್ತಾರೆ.

ಈಗ ನಾಲೆಗಳ ಒಳಮೈಗೆ ಕಾಂಕ್ರೀಟ್ ಹಾಕುತ್ತಿದ್ದಾರೆ, ಕೆಲವು ಕಡೆ ಏರಿಯ ದಾರಿಗೂ ಟಾರು ಬಿದ್ದಿದೆ. ನಿಮ್ಮ ಕಲ್ಲು ದಾರಿ ಹೋಯಿತಲ್ಲ ಎಂದು ಮೊನ್ನೆ ಒಬ್ಬರು ಕನಿಕರ ತೋರಿದರು. ಹೋಗಲಿ. ನೀರು ಇಂಗಿ ಹೋಗದೆ ಕೊನೆಯ ಗದ್ದೆಗೆ ಎರಡು ದಿನ ಮೊದಲು ಮುಟ್ಟುವುದಾದರೆ ನನ್ನ ಟೈರಿಗೆ ಜಲ್ಲಿ ಸಿಗದಿದ್ದರೂ ಆದೀತು. ಇಂಗಿದ ನೀರಿನಿಂದಲೇ ಬಾವಿ ತುಂಬಿಕೊಳ್ಳುತ್ತಿದ್ದವರ ಚಿಂತೆಯೂ ಸುಳ್ಳಲ್ಲ. ಅವರ ಹಟ್ಟಿಯ ಮುಂದೆ ಸೈಕಲ್ ನಿಲ್ಲಿಸಿ ಅದನ್ನೂ ಕೇಳಿದ್ದೇನೆ.

ಕಳೆದ ಭಾನುವಾರ ಮಳೆ ಹನಿಯುತ್ತಿತ್ತು. ಜಾಡಿನಲ್ಲಿ ಕೆಸರು, ಚಕ್ರ ಭಾರವಾಗಿತ್ತು. ತೂಬಿನ ಕಲ್ಲಿನ ಮೇಲೆ ಅಜ್ಜ ಇರಲಿಲ್ಲ. ಕೆಳಗಿನ ಗದ್ದೆಯಲ್ಲಿ ಗೋಣಿ ಕೊಪ್ಪೆ ಹೊದ್ದು ಕಳೆ ಕೀಳುತ್ತಿದ್ದ ಅವರ ಸೊಸೆ ಸೊಂಟ ನೆಟ್ಟಗೆ ಮಾಡಿ ನನ್ನ ಕಡೆ ನೋಡಿದರು. ಅವರು ಕೇಳುವ ಮೊದಲೇ, “ಮೂರನೆಯ ಕಲ್ಲು ಮುಳುಗಿದೆ ಅಕ್ಕ, ಸಂಜೆಗೆ ಇಲ್ಲಿಗೆ ಇನ್ನೂ ಜಾಸ್ತಿ ಬರುತ್ತದೆ” ಎಂದು ಕೂಗಿ ಹೇಳಿದೆ. ಅವರು ಕೈ ಆಡಿಸಿ, ಬದುವಿನ ಬಾಯಿ ಕಟ್ಟಲು ಸನಿಕೆ ತೆಗೆದುಕೊಂಡರು.