ಮುಳ್ಳು ಎರಡೂ ಕೂಡೇ ಕುಣದ್ರ

ಹಳೇ ಕಾರಿನ ಮೀಟರ್ ಬೋರ್ಡ್ ಬಿಚ್ಚಿ ಪಡಸಾಲ್ಯಾಗ ಹರವಿಕೊಂಡು ಕುಂತೀನಿ, ಮನ್ಯಾಗ ಯಾರಿಗೂ ಕಾಲಿಡಾಕ ಜಾಗ ಇಲ್ಲ. ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಮ್ಮೆಲೇ ಹುಚ್ಚುಚ್ಚಾರ ತೋರ್ಸಾಕತ್ರ ಟ್ಯಾಂಕಿನ ಫ್ಲೋಟ್ (ಪೆಟ್ರೋಲ್ ಎಷ್ಟೈತಿ ಅಂತ ಅಳಿಯೂ ತೇಲು ಬುರುಡಿ) ಬದ್ಲಿ ಮಾಡಾಕ ಓಡಬ್ಯಾಡ್ರಿ, ಎರಡಕ್ಕೂ ಕೂಡಿ ಇರೂದು ಅರ್ಥಿಂಗ್ (ಕರೆಂಟ್ ಗಾಡಿ ಬಾಡಿಗೆ ವಾಪಸ್ ಹೋಗೂ ವೈರ್) ಮತ್ತ ವೋಲ್ಟೇಜ್ ಸ್ಟೆಬಿಲೈಸರ್ (ಮುಳ್ಳುಗಳಿಗೆ ಒಂದೇ ಸಮ ವೋಲ್ಟೇಜ್ ಕೊಡೂದು), ಮೊದ್ಲ ಅವನ್ನ ನೋಡ್ರಿ. ನಮ್ದು ಅರ್ಥ್ ವೈರೇ, ತುದಿಗೆ ಹಸಿರು ಕಿಲುಬು ಹಿಡದಿತ್ತು, ಹೊಸಾದು ಹಾಕ್ದೆ, ಮುಗೀತು (ಬ್ಯಾಟ್ರಿ ಮೈನಸ್ ಬಿಚ್ಚಿಟ್ಟ ಕೈ ಹಾಕ್ರಿ ಮತ್ತ).

ಮಜಾ ಇರೂದು ಮೀಟರ್ ಬೋರ್ಡಿನ ಆ ಕೆಂಪು ಬ್ಯಾಟ್ರಿ ಲೈಟಿಂದು. ಭಾಳಷ್ಟು ಹಳೇ ಗಾಡ್ಯಾಗ ಅದು ಬರೇ ತೋರ್ಸೂ ದೀಪ ಅಲ್ರಿ, ಆಲ್ಟರ್ನೇಟರ್ (ಎಂಜಿನ್ ತಿರುಗುವಾಗ ಬ್ಯಾಟ್ರಿ ಚಾರ್ಜ್ ಮಾಡೂದು) ಚಾಲೂ ಆಗಾಕ ಬೇಕಾದ ಮೊದಲ ಕರೆಂಟ್ ಆ ಬಲ್ಬಿನ್ಯಾಗಿಂದನ ಹಾದು ಹೋಗತೈತಿ, ಬಲ್ಬ್ ಸುಟ್ರ ಚಾರ್ಜಿಂಗ್ ಶುರುನ ಆಗದೇ ಇರಬಹುದು, ಅದಕ್ಕ ಅಲ್ಲಿ ಸಾದಾ ಎಲ್‌ಇಡಿ ಹಾಕಬಾರದು, ಸಾಕಾಗುವಷ್ಟು ಕರೆಂಟ್ ಬಿಡೂದಿಲ್ಲ. ನಮ್ಮ ಆಯಿನೂ ಹಂಗ, ಸುಮ್ನ ಮೂಲ್ಯಾಗ ಕುಂತಾಳ ಅನಸ್ತೈತಿ, ಮುಂಜಾನೆ ಆಕಿ ಒದರದಿದ್ರ ಮನ್ಯಾಗ ಒಬ್ರೂ ಏಳೂದಿಲ್ಲ.

ವಿಜಯಪುರದ ಮೇ ಬಿಸಿಲಾಗ ಟೆಂಪರೇಚರ್ ಮುಳ್ಳು ಇಲ್ದ ಗಾಡಿ ಹೊಡಿಯೂ ಧೈರ್ಯ ನನಗಂತೂ ಇಲ್ಲ. ನಾಳೆ ಆಲಮಟ್ಟಿ ಕಡೆ ಒಂದು ರೌಂಡ್ ಹೊಂಟೀನಿ, ಯಾರ್ ಬರ್ತೀರಿ ಹೇಳ್ರಿ, ಪೆಟ್ರೋಲ್ ನಿಮ್ದು.